ಕಾಸಿದ ದ್ರಾವಣ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಮುಂಬೈ ಉಪನಗರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬಿ.ಎಸ್ಸಿ.ಯವರನ್ನು ಪಾಸು ಮಾಡಿಸಿದೆ. ಹುದ್ದೆ ಲ್ಯಾಬ್ ಅಟೆಂಡೆಂಟ್. ಗಾಜು ತೊಳೆಯುವುದು, ದ್ರಾವಣ ತಯಾರಿಸುವುದು ಕೆಲಸ. ವರ್ಷವಿಡೀ 'ಏ ಮಾಮಾ' ಎಂದು ಕೂಗುತ್ತಿದ್ದವರು ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನ್ನ ಕಾಲು ಮುಟ್ಟಿ ಒಳಗೆ ಬರುತ್ತಿದ್ದರು.

ಈ ಭಕ್ತಿಗೆ ಕಾರಣ ಎರಡು ಅಂಕಿಗಳು. ಒಗೆಯುವ ಸೋಡಾ, ಅಡುಗೆ ಸೋಡಾ ಎರಡನ್ನೂ ನೀರಿನಲ್ಲಿ ಕರಗಿಸಿ ಕೊಡುತ್ತಿದ್ದೆವು. ಯಾವುದು ಎಷ್ಟಿದೆ ಎಂದು ಮಕ್ಕಳು ಕಂಡುಹಿಡಿಯಬೇಕು. ಫಿನಾಲ್ಫ್ಥಲೀನ್ ಹನಿಸಿದರೆ ದ್ರಾವಣ ಗುಲಾಬಿಯಾಗುತ್ತದೆ. ಬ್ಯುರೆಟ್ಟಿನಿಂದ ಆಮ್ಲ ಬಿಡುತ್ತ ಹೋದರೆ ಬಣ್ಣ ಮಾಯ. ಅಷ್ಟರಲ್ಲಿ ಎಷ್ಟು ಮಿಲಿ ಆಮ್ಲ ಇಳಿಯಿತೋ ಅದು ಮೊದಲ ರೀಡಿಂಗ್. ಅದೇ ದ್ರಾವಣಕ್ಕೆ ಮೀಥೈಲ್ ಆರೆಂಜ್ ಹಾಕಿ, ಹಳದಿ ಕೆಂಪಗಾಗುವವರೆಗೆ ಬಿಟ್ಟರೆ ಒಟ್ಟು ರೀಡಿಂಗ್. ನಾನು ತೂಗಿ ಹಾಕುವ ಸೋಡಾದ ಅಳತೆ ಪ್ರತಿವರ್ಷ ಒಂದೇ, ಹಾಗಾಗಿ ಉತ್ತರವೂ ಒಂದೇ: ಐದು, ಹದಿನೆಂಟು. ಇದನ್ನು ಒಬ್ಬೊಬ್ಬರ ಕಿವಿಯಲ್ಲಿ ಹೇಳುತ್ತಿದ್ದೆ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಮೊದಲು ತಾವೇ ಮಾಡಿ ನೋಡಬೇಕೆಂದು ನಿಯಮ. ಅವರು ಬಟಾಟೆ ವಡೆ ತಿನ್ನುತ್ತ ನನ್ನನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಪ್ರಶ್ನೆ ನನ್ನದು, ಉತ್ತರ ನನ್ನದು, ಅದು ಸರಿಯೆಂಬ ಸಾಕ್ಷಿಯೂ ನನ್ನದು. ವಿಶ್ವವಿದ್ಯಾಲಯ ನನಗೊಂದು ಡಾಕ್ಟರೇಟ್ ಕೊಡದೆ ಹೋದದ್ದು ಅನ್ಯಾಯ.

ನಿವೃತ್ತಿಗೆ ಎರಡು ವರ್ಷವಿತ್ತು. ಪರೀಕ್ಷೆಯ ಹಿಂದಿನ ಸಂಜೆ ಸೋಡಾ ಬೇಗ ಕರಗಲೊಲ್ಲದು. ಆರು ಗಂಟೆಯ ಲೋಕಲ್‌ನಲ್ಲಿ ನನ್ನ ಇಸ್ಪೀಟಿನ ಗುಂಪು ಕಾಯುತ್ತಿತ್ತು. ಪಾತ್ರೆಯನ್ನು ಬರ್ನರ್ ಮೇಲಿಟ್ಟೆ. ಗುಳ್ಳೆ ಎದ್ದವು, ಎಲ್ಲ ಕರಗಿತು. ಮೇಲೆ ತಣ್ಣೀರು ಬೆರೆಸಿ, ಬಾಟಲಿಗೆ ತುಂಬಿ ಓಡಿದೆ. ಕಾಸಿದರೆ ಅಡುಗೆ ಸೋಡಾದಲ್ಲಿ ಒಂದು ಪಾಲು ಒಗೆಯುವ ಸೋಡಾ ಆಗಿಬಿಡುತ್ತದೆ, ಮೊದಲ ರೀಡಿಂಗ್ ಏರುತ್ತದೆ ಎಂಬುದು ಗೊತ್ತಿರಲಿಲ್ಲ ಎನ್ನಲಾರೆ. ಪ್ರೊಫೆಸರು ಹತ್ತು ಸಲ ಹೇಳಿದ್ದರು.

ಮರುದಿನ ಎಲ್ಲರೂ ಐದು, ಹದಿನೆಂಟು ಬರೆದರು. ಅವರ ಫ್ಲಾಸ್ಕಿನಲ್ಲಿ ಐದಕ್ಕೆ ಗುಲಾಬಿ ಹೋಗಿರಲೇ ಇಲ್ಲ; ನೋಡಿದವರು ಯಾರು? ಒಬ್ಬಳು ನೋಡಿದಳು. ಆಂಟಾಪ್ ಹಿಲ್‌ನಿಂದ ಬರುತ್ತಿದ್ದ, ಬಿಜಾಪುರದ ಕಡೆಯವರ ಮಗಳು. ತಡವರಿಸಿಯಾದರೂ ನನ್ನೊಡನೆ ಕನ್ನಡದಲ್ಲೇ ಮಾತಾಡುವವಳು. ಮೂರು ಸಲ ಮಾಡಿದ್ದಳು, ಮೂರು ಸಲವೂ ಏಳು.

"ಕಾಕಾ, ಟೋಟಲ್ ಬರೋಬ್ಬರಿ ಅದ, ಫಸ್ಟ್ ರೀಡಿಂಗ್ ಅಷ್ಟ ಜಾಸ್ತಿ. ನಿನ್ನೆ ಇದನ್ನ ಗರಂ ಮಾಡೀರೇನು?"

"ಇಲ್ಲ ಮಾರಾಯ್ತಿ. ಐದು ಬರೆದು ಮನೆಗೆ ಹೋಗು."

ಅವಳು ಹೋಗಿ ಪರೀಕ್ಷಕರಿಗೇ ಹೇಳಿದಳು. ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಮಾಮಾ, ಗರಂ ಕಿಯಾ ಥಾ ಕ್ಯಾ?"

ಹೌದು ಎಂದಿದ್ದರೆ ಅವಳು ಪಾಸು, ಉಳಿದವರೆಲ್ಲರ ಬಣ್ಣ ಬಯಲು, ನನ್ನದೂ, ವಡೆ ತಿಂದವರದೂ. "ನಹೀ ಸರ್" ಎಂದೆ.

ಇಷ್ಟು ಜನಕ್ಕೆ ಐದು, ನಿನಗೊಬ್ಬಳಿಗೆ ಏಳೇ, ತಿದ್ದಿ ಬರೆ ಎಂದು ಅವರು ಹಿಂದಿಯಲ್ಲಿ ಗದರಿದರು. ಅವಳು ತಿದ್ದಲಿಲ್ಲ. ಫೇಲಾದಳು.

ಎಲ್ಲರೂ ಹೋದ ಮೇಲೆ ಉಳಿದ ದ್ರಾವಣಕ್ಕೆ ನಾನೇ ಆಮ್ಲ ಬಿಟ್ಟು ನೋಡಿದೆ. ಏಳು. ಬಾಟಲಿಯನ್ನು ಸಿಂಕಿಗೆ ಸುರಿದು ತೊಳೆದೆ. ನನ್ನ ಸೇವಾವಧಿಯಲ್ಲಿ ಯಾವ ಬಾಟಲಿಯನ್ನೂ ಅಷ್ಟು ಚೊಕ್ಕವಾಗಿ ತೊಳೆದಿರಲಿಲ್ಲ.

ಮುಂದಿನ ವರ್ಷ ಅವಳು ಮತ್ತೆ ಬಂದು ಕೂತಳು. ತಣ್ಣೀರಿನಲ್ಲೇ ಕರಗಿಸಿದ್ದೆ. ಇಷ್ಟು ಅಗ್ಗದಲ್ಲಿ ಪ್ರಾಯಶ್ಚಿತ್ತ ಮುಗಿಯುವುದಾದರೆ ಯಾಕೆ ಬಿಡಬೇಕೆಂದು, ಎಲ್ಲರಿಗಿಂತ ಮೊದಲು ಅವಳ ಬಳಿ ಹೋಗಿ ಕಿವಿಯಲ್ಲಿ ಉತ್ತರ ಹೇಳಲು ಬಗ್ಗಿದೆ.

"ಅದು ಬ್ಯಾಡ್ರಿ ಕಾಕಾ," ಎಂದಳು. "ಈ ಸಲ ಗರಂ ಮಾಡಿಲ್ಲಂತ, ಅಷ್ಟ ಹೇಳ್ರಿ."

ಈ ಸಲ ಮಾಡಿಲ್ಲ ಎನ್ನುವುದು ನಿಜವೇ ಆಗಿತ್ತು. ಆದರೆ ಹಾಗೆಂದರೆ ಹೋದ ವರ್ಷದ್ದನ್ನೂ ಒಪ್ಪಿದಂತೆ. "ನಾನು ಯಾವತ್ತೂ ಕಾಸುವುದಿಲ್ಲ" ಎಂದೆ.

ಅವಳು ನಾಲ್ಕು ಸಲ ಮಾಡಿ ನೋಡಿದಳು. ಮೂರು ಸಲ ಸಾಕಿತ್ತು. ನಾಲ್ಕನೆಯದು ನನ್ನ ಮಾತನ್ನು ನಂಬಲಾಗದ್ದಕ್ಕೆ. ಐದೇ ಬಂತು. ಎಲ್ಲರೂ ಹೋದ ಮೇಲೆ ಅವಳು ಉತ್ತರಪತ್ರಿಕೆ ಕೊಟ್ಟು, ನನ್ನತ್ತ ನೋಡದೆ ಹೊರಟುಹೋದಳು.