ದೊರೆಸಾನಿಗೆಂದು ಇಟ್ಟ ಆಸ್ಪರಾಗಸ್

ಚಿನ್ನದ ಗಣಿಯೂರು ಕೋರಮಂಡಲಿನ ಬಿಳಿ ದೊರೆಯೊಬ್ಬರ ಬಂಗಲೆಯಲ್ಲಿ ನಾನು ಅಡುಗೆಯವನಾಗಿದ್ದೆ. ಜ್ವರದಿಂದ ಆಸ್ಪತ್ರೆ ಸೇರಿದ್ದ ದೊರೆಸಾನಿ, ತಮ್ಮೂರಿನ ಕಡೆಯ ಆಸ್ಪರಾಗಸ್ ಎಂಬ ತರಕಾರಿ ತಿನ್ನಬೇಕೆಂದು ಆಸೆಪಟ್ಟರು. ಬೆಂಗಳೂರಿನಿಂದ ರೈಲಿನಲ್ಲಿ ಬಂದ ಆ ಹಸಿರು ಕುಡಿಗಳ ಕಟ್ಟನ್ನು ಬಂಗಾರಪೇಟೆ ಸ್ಟೇಷನ್ನಿನಿಂದ ನಾನೇ ತಂದೆ.

"ಬುಡ ಕತ್ತರಿಸಿ ನೀರಲ್ಲಿ ನಿಲ್ಲಿಸು, ಮೇಲೆ ಒದ್ದೆ ಬಟ್ಟೆ ಹೊದಿಸು. ಅವಳು ಬಂದು ತಿಂತಾಳೆ," ಅಂದರು ದೊರೆ.

ದಿನಾ ನೀರು ಬದಲಾಯಿಸಿದೆ. ನಾಲ್ಕನೇ ದಿನ ದೊರೆಸಾನಿ ಆಸ್ಪತ್ರೆಯಲ್ಲೇ ತೀರಿಕೊಂಡರು.

ಮಣ್ಣು ಮಾಡಿ ಬಂದ ದೊರೆ ನೇರ ಅಡುಗೆಮನೆಗೆ ಬಂದು ಬಟ್ಟೆ ಎತ್ತಿದರು. ಕುಡಿಗಳು ಬಾಡಿರಲಿಲ್ಲ. ಒಂದನ್ನು ತೆಗೆದು ಹಸಿಯಾಗೇ ಕಚ್ಚಿದರು.

"ಬೇಯಿಸ್ಕೊಡ್ತೀನಿ, ಕುಂತ್ಕಳಿ ದೊರೆ," ಅಂದೆ.

ಬೇಡವೆಂದು ತಲೆಯಾಡಿಸಿದರು. ನಿಂತಲ್ಲೇ ಅಷ್ಟನ್ನೂ ತಿಂದು ಮುಗಿಸಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಹೋಗುವಾಗ, "ಚೆನ್ನಾಗಿ ಇಟ್ಟಿದ್ದೆ," ಅಂದರು.

ಆ ಬಂಗಲೆಯಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ.