ಗುಜರಿಗೆ ಹೋಗದ ಕಾರು

ಮುಂಡರಗಿ ಪೇಟೆಯ ನಡುವೆ ನನ್ನ ಕಾರು ಢಮ್ಮೆಂದಿತು. ಎಮ್ಮೆಯೊಂದು ಬೆದರಿ ಓಡಿತು, ಮಂದಿ ನಕ್ಕರು. ಪಕ್ಕದಲ್ಲಿ ಕೂತಿದ್ದ ಅಣ್ಣ ಮಾತ್ರ ನಗಲಿಲ್ಲ.

"ಸಾಕ್ ಮಾಡವಾ. ನಾಳಿ ಗುಜರಿಯಾಂವನ್ನ ಕರಸ್ತೀನಿ."

"ಕರಸು. ಕೀಲಿ ನನ್ನ ಕಡೆ ಐತಿ."

ಬೆಟಗೇರಿಯ ನಮ್ಮ ಮಗ್ಗದ ಸೀರೆಗಳನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಮುಟ್ಟಿಸುವ ಕಾರು ಅದು, ಕಾರ್ಬ್ಯುರೇಟರ್ ಕಾಲದ್ದು. ಗಂಡ ತೀರಿಕೊಂಡ ಮೇಲೆ ನಾನೇ ಓಡಿಸಲು ಕಲಿತೆ. ಆಗಲೂ ಅಣ್ಣ ಬೇಡವೆಂದಿದ್ದ.

ಹಿಂದಿನ ವಾರವಷ್ಟೇ ಗದಗಿನ ಮಿಸ್ತ್ರಿ ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದ. ಸದ್ದು ನಿಂತಿರಲಿಲ್ಲ. "ಎಂಜಿನ್ನೇ ಮುಗದೈತ್ರಿ ಅಕ್ಕಾರ. ನಿಮಗ ತಿಳಿಯೂದಲ್ಲ ಬಿಡ್ರಿ" ಎಂದಿದ್ದ. ಆ ಮಾತಿಗೆ ಮೈ ಉರಿದಿತ್ತು. ಗಂಡ ರಿಪೇರಿ ಮಾಡುವಾಗ ಬ್ಯಾಟರಿ ದೀಪ ಹಿಡಿದು ನಿಲ್ಲುತ್ತಿದ್ದವಳು ನಾನು. ಮರುದಿನ ಕಾರನ್ನು ಮನೆ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದೆ.

ಎಕ್ಸಿಲೇಟರಿನಿಂದ ಕಾಲು ತೆಗೆದರೆ ಸದ್ದಿಲ್ಲ, ತುಳಿದರೆ ಢಂ. ಅದೂ ಹಿಂದಿನ ಸೈಲೆನ್ಸರಿನಿಂದಲ್ಲ, ಮುಂದೆ ಕಾರ್ಬ್ಯುರೇಟರಿನ ಬಾಯಿಂದ. ಅಂದರೆ ಪೆಟ್ರೋಲು ಸಾಲುತ್ತಿಲ್ಲ, ಇಲ್ಲವೇ ಗಾಳಿ ಹೆಚ್ಚಾಗಿದೆ. ಪೆಟ್ರೋಲಿನ ದಾರಿ ತೊಳೆದಾಗಿತ್ತು. ಉಳಿದದ್ದು ಗಾಳಿ.

ಅಷ್ಟರಲ್ಲಿ ಅಣ್ಣ ಗುಜರಿಯವನೊಂದಿಗೆ ಬಂದ. "ಮಗ್ಗದ ಲಾಳಿ ಬಿಟ್ಟು ನಟ್ಟು ಬಿಚ್ಚೂ ಪಾನಾ ಹಿಡದೀ?"

"ಎರಡೂ ನನ್ನ ಕೈಯಾಗ ಅದಾವ. ಅವರಿಗೆ ಚಾ ಕುಡಿಸಿ ಕಳಸು."

ಸೀರೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ತಂದೆ. ಎಂಜಿನ್ ಓಡುತ್ತಿರುವಾಗಲೇ ಕಾರ್ಬ್ಯುರೇಟರಿನ ಬುಡದ ಸಂದಿಗೆ ಸುತ್ತಲೂ ನೀರು ಹೊಡೆದೆ. ಹಿಂಬದಿಗೆ ಬಿದ್ದೊಡನೆ ನೀರು ಸಂದಿಯೊಳಗೆ ಇಳಿದು ಗಾಳಿಯ ದಾರಿ ಮುಚ್ಚಿತು. ಗಡಗಡ ನಡುಗುತ್ತಿದ್ದ ಎಂಜಿನ್ ಒಂದು ಕ್ಷಣ ಹದಕ್ಕೆ ಬಂದು ಮತ್ತೆ ನಡುಗಿತು. ಸಿಕ್ಕಿತು! ಬಿಚ್ಚಿದರೆ, ಆ ಸಂದಿ ಮುಚ್ಚಬೇಕಾದ ಪ್ಯಾಕಿಂಗ್ ಒಣಗಿ ಸೀಳಿಹೋಗಿತ್ತು. ಅಲ್ಲಿಂದ ಗಾಳಿ ಕದ್ದು ನುಗ್ಗುತ್ತಿತ್ತು.

ಹೊಸ ಪ್ಯಾಕಿಂಗ್ ಕೂರಿಸಿ, ಸೀರೆಯ ಗಂಟು ಹೇರಿ, ಅಣ್ಣನನ್ನೂ ಕೂರಿಸಿಕೊಂಡು ಬೆಳ್ಳಟ್ಟಿಯ ಅಂಗಡಿಗೆ ಹೊರಟೆ. ಏರಿನಲ್ಲಿ ಬೇಕೆಂದೇ ಜೋರಾಗಿ ತುಳಿದೆ. ಕಾರು ತೆಪ್ಪಗೆ ಏರಿತು. ಅಣ್ಣ ಸೋಲೊಪ್ಪುವ ಆಸಾಮಿಯಲ್ಲ.

"ಮುದಿ ಗಾಡಿ. ಮತ್ತ ಕೆಡತೈತಿ ನೋಡು."

"ಕೆಡ್ಲಿ," ಎಂದು ಗೇರು ಬದಲಿಸಿದೆ. "ಮತ್ತ ಬಿಚ್ತೀನಿ."