ಬಸವೇಶ್ವರಿ ಮತ್ತು ಮಾರ್ಟಿನ್ ಚರ್ಚಿನ ಸಣ್ಣ ಗಂಟೆ

ಲಿಂಡೆನ್‌ವೈಲರಿಗೆ ಬಂದ ಹೊಸದರಲ್ಲೇ ಬಸವೇಶ್ವರಿ ಅಲ್ಲಿನ ಮಾರ್ಟಿನ್ ಚರ್ಚಿನ ಮೇಲೆ ದೂರು ಹೇಳಲು ಹೊರಟಳು. ಬೆಳಗಿನ ಆರಕ್ಕೆ ಅಲ್ಲಿ ಗಂಟೆ ಹೊಡೆದರೆ ಆಗಷ್ಟೇ ಕಣ್ಣು ಮುಚ್ಚಿದ ಕೂಸು ಸಾನ್ವಿ ಕಿಟಾರನೆ ಚೀರಿ ಏಳುತ್ತಿತ್ತು. ಮನೆಗೂ ಚರ್ಚಿಗೂ ನಡುವೆ ಒಂದು ಓಣಿಯಷ್ಟೇ ಅಂತರ.

"ಹೋಗಬ್ಯಾಡ," ಎಂದ ಗಂಡ ಮಲ್ಲಿಕಾರ್ಜುನ. "ಐನೂರು ವರ್ಷದ ಚರ್ಚ್ ಅದು. ನಾವು ನಿನ್ನೆ ಮೊನ್ನೆ ಬಂದವ್ರು."

"ನಾ ಏನ್ ಜಗಳಾ ಮಾಡಾಕ ಹೊಂಟೀನೇನ್ರಿ? ಕೇಳಿ ಬರ್ತೀನಿ."

ಅದು 2001. ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ಎಂಜಿನಿಯರುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲ. ಮಲ್ಲಿಕಾರ್ಜುನನಿಗೆ ಫೊಯರ್‌ಬಾಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆ ನಗರದೊಳಗಿನ ಬಾಡಿಗೆ ಕೈಗೆಟುಕದೆ, ಸೇಬಿನ ತೋಟಗಳ ನಡುವಿನ ಈ ಹಳ್ಳಿಯಲ್ಲಿ ಮನೆ ಹಿಡಿದಿದ್ದರು. ಬಸವೇಶ್ವರಿ ಬೈಲಹೊಂಗಲದಲ್ಲಿ ಶಾಲೆಯ ಟೀಚರ್ ಆಗಿದ್ದವಳು. ಗ್ರೀನ್ ಕಾರ್ಡಿನವರ ಹೆಂಡಂದಿರಿಗೆ ಮೊದಮೊದಲು ಕೆಲಸ ಮಾಡುವ ಅನುಮತಿ ಇರಲಿಲ್ಲ. ಗಂಡ ಎಸ್-ಬಾನ್ ರೈಲು ಹಿಡಿಯಲು ಹೋದ ಮೇಲೆ ಮಾತಾಡಿಸಲು ಕೂಸು ಬಿಟ್ಟರೆ ಯಾರೂ ಇರಲಿಲ್ಲ.

ಚರ್ಚಿನೊಳಗೆ ಮುದುಕಿಯೊಬ್ಬಳು ನೆಲದ ಮೇಲೆ ಮಂಡಿಯೂರಿ ಮೇಣದಬತ್ತಿಯ ಮೇಣ ಕೆರೆಯುತ್ತಿದ್ದಳು. ಅವಳೇ ಹೆಡ್ವಿಗ್ ಶಾಯ್ಫೆಲೆ, ಚರ್ಚಿನ ಮೆಸ್ನೆರಿನ್. ಅಂದರೆ ಕೀಲಿಕೈ, ಕಸ, ಹೂವು, ಗಂಟೆ ಎಲ್ಲ ಅವಳ ಉಸ್ತುವಾರಿ. ಬಸವೇಶ್ವರಿ ತನಗೆ ಬರುತ್ತಿದ್ದ ನಾಲ್ಕಾರು ಜರ್ಮನ್ ಶಬ್ದಗಳಲ್ಲಿ ಕೂಸು, ಗಂಟೆ, ನಿದ್ದೆ ಎಂದು ಕೈಸನ್ನೆ ಮಾಡಿದಳು. ಮುದುಕಿ ಏಳಲು ಹೋದಳು. ಮೊಣಕಾಲು ಏಳಗೊಡಲಿಲ್ಲ. ಬಸವೇಶ್ವರಿ ಕೂಸನ್ನು ಒಂದು ಬಗಲಿಗೆ ಹಾಕಿಕೊಂಡು ಇನ್ನೊಂದು ಕೈ ಕೊಟ್ಟು ಎಬ್ಬಿಸಿದಳು. ದೂರು ಅಲ್ಲಿಗೇ ನಿಂತಿತು. ಮರುದಿನ ಅವಳು ಹೋದದ್ದು ಮೊಣಕಾಲು ಹೇಗಿದೆ ಎಂದು ಕೇಳಲು.

ಆಮೇಲೆ ಅದೇ ರೂಢಿಯಾಯಿತು. ಬಟ್ಟೆಗೆ ಬಿದ್ದ ಮೇಣದ ಮೇಲೆ ಕಾಗದ ಹಾಸಿ ಇಸ್ತ್ರಿ ಎಳೆದು ತೆಗೆಯುವುದು, ಭಾನುವಾರದ ಹಾಡುಗಳ ನಂಬರನ್ನು ಹಲಗೆಗೆ ಸಿಕ್ಕಿಸುವುದು, ಎಲ್ಲವನ್ನೂ ಹೆಡ್ವಿಗ್ ಕಲಿಸಿದಳು. ಜರ್ಮನ್ನೂ ಅಲ್ಲಿಯೇ ಬಂತು, ಅದೂ ಅಪ್ಪಟ ಹಳ್ಳಿಯ ಜರ್ಮನ್. ಗೋಪುರದ ಮೂರು ದೊಡ್ಡ ಗಂಟೆಗಳಿಗೆ ಮೋಟಾರಿತ್ತು. ಅವುಗಳ ಪಕ್ಕದ ಸಣ್ಣದೊಂದು ಹಳೆಯ ಗಂಟೆಗೆ ಮಾತ್ರ ಹಗ್ಗ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿನ ಹೊತ್ತಿಗೆ ಅದನ್ನು ಕೈಯಿಂದಲೇ ಬಾರಿಸಬೇಕು. ಹೆಡ್ವಿಗ್ ಮೆಟ್ಟಿಲ ಬುಡದಲ್ಲಿ ನಿಲ್ಲುವಳು, ಬಸವೇಶ್ವರಿ ಗೋಪುರ ಹತ್ತುವಳು.

ಫೋನಿನಲ್ಲಿ ಅತ್ತೆ ಸಿದ್ದಕ್ಕನಿಗೆ ಇದು ಗೊತ್ತಾಯಿತು.

"ಅವರ ಗುಡಿ ಕಸಾ ನೀ ಯಾಕ ಹೊಡೀತಿ? ಲಿಂಗಪೂಜಿಗೆ ಟೈಮ್ ಸಿಗತೈತೋ ಇಲ್ಲೋ?"

"ಪೂಜಿ ಮುಗಿಸೇ ಹೋಗ್ತೀನ್ರಿ ಅತ್ತಿ. ಮುದುಕಿ ಮೊಣಕಾಲು ಹೋಗ್ಯಾವ. ಹಿಂದು ಮುಂದು ಯಾರಿಲ್ಲ."

"ಹಂಗಿದ್ರ ಹೋಗು. ಎಳ್ಳೆಣ್ಣಿ ಬೆಚ್ಚಗ ಮಾಡಿ ತಿಕ್ಕು."

2003ರ ಚಳಿಗಾಲಕ್ಕೆ ಹೆಡ್ವಿಗ್ ಆಸ್ಪತ್ರೆ ಸೇರಿದಳು, ಅಲ್ಲೇ ತೀರಿಕೊಂಡಳು. ತನ್ನ ಮಣ್ಣಿನ ಗಂಟೆಯನ್ನು ಬಸವೇಶ್ವರಿಯೇ ಬಾರಿಸಬೇಕು, ತನ್ನ ಕೆಲಸವೂ ಅವಳಿಗೇ ಹೋಗಬೇಕು ಎಂದು ಪಾದ್ರಿಗೆ ಹೇಳಿದ್ದಳಂತೆ. ಚರ್ಚಿನ ಪಂಚರು ಸೇರಿ ಬಸವೇಶ್ವರಿಯನ್ನು ಕರೆಸಿದರು. ಹಿರಿಯ ಪಂಚ ಕ್ಯೂಬ್ಲರ್, ಸೇಬಿನ ತೋಟದವನು, ಹೆಡ್ವಿಗ್ ಜೊತೆ ಶಾಲೆ ಕಲಿತವನು. ಅವನು ಸುತ್ತಿ ಬಳಸಿ ಮಾತಾಡಲಿಲ್ಲ.

"ಈ ಕೆಲಸ ಚರ್ಚಿನ ಸದಸ್ಯರಿಗೆ ಮಾತ್ರ. ನೀವು ದೀಕ್ಷಾಸ್ನಾನ ತೆಗೆದುಕೊಳ್ಳುತ್ತೀರಾ?"

"ಇಲ್ಲ."

"ಕೊರಳಲ್ಲಿರುವುದು ಏನು?"

ಬಸವೇಶ್ವರಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದು ತೋರಿಸಿದಳು. "ನನ್ನ ದೇವರು. ಇದನ್ನು ಬಿಡುವುದಿಲ್ಲ. ಕೆಲಸ ಯಾರಿಗಾದರೂ ಕೊಡಿ. ನಾಳೆಯ ಗಂಟೆಯೊಂದನ್ನು ನನಗೆ ಬಿಡಿ, ಅವರಿಗೆ ಮಾತು ಕೊಟ್ಟಿದ್ದೇನೆ."

ಉಳಿದವರು ಕ್ಯೂಬ್ಲರನ ಕಡೆ ತಿರುಗಿದರು.

"ನಾಳೆ ಹನ್ನೊಂದಕ್ಕೆ," ಎಂದ ಅವನು. "ಆಮೇಲೆ ಕೀಲಿಕೈ ನನಗೆ ಕೊಡಿ."

ಮರುದಿನ ಅವಳು ಹಗ್ಗ ಹಿಡಿದವಳು ಬಿಡಲಿಲ್ಲ. ಪೆಟ್ಟಿಗೆ ಗುಂಡಿಗಿಳಿಯಿತು, ಜನ ಚದುರಿದರು, ಗಂಟೆ ನಿಲ್ಲಲಿಲ್ಲ. ಮಲ್ಲಿಕಾರ್ಜುನ ಏದುಸಿರು ಬಿಡುತ್ತ ಗೋಪುರ ಹತ್ತಿ ಬಂದು ಹಗ್ಗದ ಮೇಲೆ ಕೈಯಿಟ್ಟ.

"ಸಾಕು, ಬಸೂ. ಮಣ್ಣಾತು."

ಅಷ್ಟಾದ ಮೇಲೆ ಅವಳಿಗೆ ಅಳು ಬಂತು. ಊರು ಬಿಟ್ಟು ಬರುವಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಸಂಜೆ ಕೀಲಿಕೈ ಕೊಟ್ಟು ಬಂದಳು. ಕೆಲಸ ಪಕ್ಕದ ಹಳ್ಳಿಯ ಹೆಂಗಸಿಗೆ ಹೋಯಿತು. ನಿಯಮ ನಿಯಮವೇ ಎಂದು ಗೊತ್ತಿದ್ದರೂ ಬಸವೇಶ್ವರಿ ಎಷ್ಟೋ ತಿಂಗಳು ಚರ್ಚಿನ ಬಾಗಿಲು ತಪ್ಪಿಸಿ ಹಿಂದಿನ ಓಣಿಯಿಂದ ಸುತ್ತಿ ಬೇಕರಿಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಕೆಲಸದ ಅನುಮತಿ ಸಿಕ್ಕಿ, ಹಳ್ಳಿಯ ಕಿಂಡರ್‌ಗಾರ್ಟನ್ನಿನಲ್ಲಿ ಸಹಾಯಕಿಯಾಗಿ ಸೇರಿದಳು. ಮಕ್ಕಳ ಗದ್ದಲದಲ್ಲಿ ದಿನ ಹೋದದ್ದೇ ತಿಳಿಯುತ್ತಿರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಕ್ಯೂಬ್ಲರ್ ಬಾಗಿಲಲ್ಲಿ ನಿಂತಿದ್ದ, ಟೊಪ್ಪಿಗೆ ಕೈಯಲ್ಲಿ.

"ನನ್ನ ಅಣ್ಣ ಹೋದ," ಎಂದ. "ನೀವು ಹೆಡ್ವಿಗ್‌ಗೆ ಬಾರಿಸಿದಿರಲ್ಲ, ಹಾಗೆ ಬಾರಿಸಲು ಬರುತ್ತೀರಾ?"

ಬಸವೇಶ್ವರಿಯ ನಾಲಿಗೆ ತುದಿಗೆ ಏನೇನೋ ಮಾತು ಬಂದವು. ಅವನ ಮುಖ ನೋಡಿ ನುಂಗಿಕೊಂಡಳು.

"ಒಳಗೆ ಬನ್ನಿ, ಚಳಿ ಇದೆ," ಎಂದಳು. "ಮೊದಲು ಚಹಾ ಕುಡಿಯಿರಿ."

ಅಲ್ಲಿಂದ ಮುಂದೆ ಹಳ್ಳಿಯಲ್ಲಿ ಯಾರು ಹೋದರೂ ಮನೆಯವರು ಪಾದ್ರಿಗೆ ತಿಳಿಸಿ, ಹಾಗೇ ಅವಳ ಮನೆಗೂ ಬರತೊಡಗಿದರು. ಇದಕ್ಕೆ ಪಂಚರ ಒಪ್ಪಿಗೆ ಯಾರೂ ಕೇಳಲಿಲ್ಲ, ಪಂಚರೂ ಮಾತೆತ್ತಲಿಲ್ಲ. ದೂರದ ಕಲೋನ್ ನಗರದಲ್ಲಿ ಒಳ್ಳೆಯ ಕೆಲಸ ಸಿಗುವಂತಿದೆ ಎಂದು ಮಲ್ಲಿಕಾರ್ಜುನ ಒಮ್ಮೆ ಮಾತು ತೆಗೆದಾಗ ಅವಳು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವನೇ ಎರಡು ದಿನ ಯೋಚಿಸಿ, "ಇಲ್ಲೇ ಇರೂಣು ಬಿಡು," ಎಂದ.